ಷರಾ ಕಾಲಮ್ಮಿನಲ್ಲಿ ‘ಶಾಂತ’

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದಷ್ಟು ಕಾಲ ಬೇರೆಯವರ ಹೆಸರು ಕಾಗದಕ್ಕೆ ಬೀಳದಂತೆ ನೋಡಿಕೊಂಡವರು ಅವರು. ತೀರಿಕೊಂಡ ಮೇಲೆ ಅವರ ಹೆಸರನ್ನು ಬೀಳಿಸುವ ಅಧಿಕಾರ ನನಗಿದೆ ಎಂದು ಅನ್ನಿಸುವುದಿಲ್ಲ.

ಕೆಲಸವನ್ನು ಹೇಳಬಹುದು. ಬೆಂಗಳೂರಿನ ಉತ್ತರದಂಚಿನಲ್ಲಿ, ಒಂದಷ್ಟು ನೀಲಗಿರಿ ಮರಗಳು ಇನ್ನೂ ಉಳಿದಿದ್ದ ಸರ್ಕಾರಿ ಕಾಂಪೌಂಡಿನೊಳಗೆ, ಎತ್ತರದ ಆಂಟೆನಾ ಕಂಬದ ಬುಡದ ಕೋಣೆಯಲ್ಲಿ ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ವಿಮಾನದ ಪೈಲಟ್ಟು, ಪೊಲೀಸರ ವೈರ್‌ಲೆಸ್ಸು, ಎಫ್‌ಎಂ ಹಾಡು, ನಮ್ಮ ನಿಮ್ಮ ಮೊಬೈಲು ಎಲ್ಲವೂ ಒಂದೇ ಆಕಾಶವನ್ನು ಹಂಚಿಕೊಂಡಿವೆ. ಪ್ರತಿಯೊಂದಕ್ಕೂ ಅದರದೇ ಆದ ತರಂಗಾಂತರ ಗೊತ್ತು ಮಾಡಿದೆ. ಒಂದರ ಜಾಗಕ್ಕೆ ಇನ್ನೊಂದು ನುಗ್ಗಿದೆಯೇ ಎಂದು ಕೇಳಿಸಿಕೊಳ್ಳುವುದು, ನುಗ್ಗಿದ್ದರೆ ಎಲ್ಲಿಂದ ಎಂದು ಹುಡುಕುವುದು ಅವರ ಉದ್ಯೋಗ. ದಿನದ ಕೊನೆಗೆ ಅಷ್ಟನ್ನೂ ಲಾಗ್ ಪುಸ್ತಕದಲ್ಲಿ ದಾಖಲಿಸಬೇಕು. ಪುಸ್ತಕದ ಕಾಲಮ್ಮುಗಳೆಲ್ಲ ಇಂಗ್ಲಿಷಿನವು. ಕೊನೆಯ ಷರಾ ಕಾಲಮ್ಮಿನಲ್ಲಿ ಮಾತ್ರ ಅವರು ಕನ್ನಡದಲ್ಲಿ ಒಂದೇ ಪದ ಬರೆಯುತ್ತಿದ್ದರು: ಶಾಂತ. ಉತ್ತರ ಭಾರತದಿಂದ ತಪಾಸಣೆಗೆ ಬಂದಿದ್ದ ಮೇಲಧಿಕಾರಿಯೊಬ್ಬರು ಇದೇನು ಲಿಪಿ ಎಂದು ಕೇಳಿದರಂತೆ. ಇವರು ಪದವನ್ನು ಓದಿ ಹೇಳಿದರು. ಅವರ ಭಾಷೆಯಲ್ಲೂ ಅದೇ ಪದ. ನಕ್ಕು ರುಜು ಹಾಕಿ ಹೋದರು. ಅಂದಿನಿಂದ ಅದನ್ನು ಯಾರೂ ಪ್ರಶ್ನಿಸಲಿಲ್ಲ, ನಾನು ಬರುವವರೆಗೆ.

ನಾನು ಹೋದದ್ದು ಸುಧಾರಣೆ ಮಾಡಲು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಯಾವ ವಿಷಯವನ್ನಾದರೂ ಮೂರು ಅಂಶಗಳಲ್ಲಿ ಮಂಡಿಸಿ, ಎದುರಾಳಿಯ ಎರಡನ್ನು ಕೆಡವಿ, ಗಂಟೆ ಬಾರಿಸುವ ಮೊದಲು ಮುಗಿಸಲು ಕಲಿತಿದ್ದೆ. ಆಡಳಿತ ಸುಧಾರಣೆಯ ಸಲಹಾ ತಂಡವೊಂದರಲ್ಲಿ ಕೆಲಸ ಸಿಕ್ಕಾಗ, ಇಷ್ಟು ದಿನ ಮಾತಿನಲ್ಲಿ ಗೆದ್ದದ್ದನ್ನು ಇನ್ನು ನಿಜದಲ್ಲಿ ಗೆಲ್ಲಬಹುದು ಎಂದು ನಂಬಿದ್ದೆ. ನಮ್ಮ ತಂಡದ ವಾದ ಸರಳವಾಗಿತ್ತು. ತರಂಗಾಂತರವನ್ನು ಹರಾಜಿನಲ್ಲಿ ಕೊಂಡವನಿಗೆ ಅದನ್ನು ಕಾಯುವ ಆಸಕ್ತಿ ತಾನಾಗಿಯೇ ಹುಟ್ಟುತ್ತದೆ. ಅವನಿಗಿಂತ ಒಳ್ಳೆಯ ಕಾವಲುಗಾರ ಸರ್ಕಾರಕ್ಕೆ ಸಿಗುವುದಿಲ್ಲ. ಆದ್ದರಿಂದ ಸರ್ಕಾರ ದಿನವಿಡೀ ಕಿವಿಗೊಟ್ಟು ಕೂರುವುದನ್ನು ಬಿಟ್ಟು, ಪರವಾನಗಿದಾರ ದೂರು ಕೊಟ್ಟಾಗ ಮಾತ್ರ ಬಂದು ಬಗೆಹರಿಸಿದರೆ ಸಾಕು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ ಎಂದು ಈಗಲೂ ನಂಬುತ್ತೇನೆ.

ಮೊದಲ ದಿನವೇ ಇದನ್ನು ಅವರ ಮುಂದೆ ಸಾಂಗವಾಗಿ ಮಂಡಿಸಿದೆ. ಮೇಜಿನ ಆಚೆ ಅವರು ಕೈಕಟ್ಟಿ ಕೇಳುತ್ತಿದ್ದರು. ಅರ್ಧ ತೋಳಿನ ತಿಳಿನೀಲಿ ಷರಟು, ಹೆಡ್‌ಫೋನಿನ ಪಟ್ಟಿ ಕೂತು ಕೂತು ತಲೆಗೂದಲಲ್ಲಿ ಬಿದ್ದಿದ್ದ ಒಂದು ತಗ್ಗು. ನಾನು ‘ಮೂರನೆಯದಾಗಿ’ ಎಂದದ್ದನ್ನು ಮುಗಿಸುವವರೆಗೂ ತಾಳ್ಮೆಯಿಂದಿದ್ದು, ಲೋಟವನ್ನು ನನ್ನತ್ತ ಸರಿಸಿದರು.

“ಮೂರು ಪಾಯಿಂಟ್ ಆಯ್ತಾ ಮೇಡಂ? ಕಾಫಿ ಆರೋಗ್ತಾ ಇದೆ.”

ಹರಾಜನ್ನು ಅವರು ವಿರೋಧಿಸುತ್ತಾರೆ ಎಂದು ನಾನು ತಯಾರಾಗಿ ಹೋಗಿದ್ದೆ. ಅವರು ವಿರೋಧಿಸಲಿಲ್ಲ. ಹಿಂದಿನ ಕಾಲದಲ್ಲಿ ತರಂಗಾಂತರ ಯಾರ ಚೀಟಿ ತಂದರೆ ಯಾರಿಗೆ ಸಿಗುತ್ತಿತ್ತು, ಅರ್ಜಿ ಹಿಡಿದು ಬಂದ ಸಣ್ಣಪುಟ್ಟವರು ವರಾಂಡದ ಬೆಂಚಿನಲ್ಲಿ ಎಷ್ಟು ಕಾಲ ಕೂರುತ್ತಿದ್ದರು ಎಂಬುದನ್ನು ಅವರೇ ಹೇಳಿದರು. ಬಹಿರಂಗವಾಗಿ ಕೂಗಿ ಮಾರುವುದು ಆ ಚೀಟಿಗಿಂತ ಮೇಲು ಎಂದರು. ಅವರ ತಕರಾರು ಬೇರೆ ಕಡೆಗಿತ್ತು, ಅದು ಗೊತ್ತಾಗಲು ನನಗೆ ಕೆಲವು ವಾರ ಬೇಕಾದವು.

ಪ್ರತಿದಿನ ಬೆಳಿಗ್ಗೆ ಮೊದಲ ಒಂದು ಗಂಟೆ ಅವರು ಯಾರೂ ಇಲ್ಲದ ತರಂಗಾಂತರಗಳನ್ನು ಕೇಳುತ್ತಿದ್ದರು. ಎರಡು ಸೇವೆಗಳ ನಡುವೆ ಒಂದನ್ನೊಂದು ತಾಕದಿರಲೆಂದು ಬಿಟ್ಟ ತೆರಪುಗಳು, ಎಂದೋ ಹಂಚಿ ಮರೆತವು, ಬಡ ಸೇವೆಗಳು ಪುಕ್ಕಟೆಯಾಗಿ ಬಳಸುವಂಥವು. ಕೇಳುವುದಕ್ಕೆ ಏನೂ ಇಲ್ಲದ ಕಡೆ ಏನು ಕೇಳುತ್ತೀರಿ ಎಂದು ನಾನು ಪ್ರಶ್ನಿಸಿದಾಗ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟರು. ಸಣ್ಣ ಸುಯ್ಲು, ಅಷ್ಟೆ. ಆದರೆ ಆ ಸುಯ್ಲಿನ ದಪ್ಪ ನೋಡಿಯೇ ಅವರು ಯಶವಂತಪುರದ ಕಡೆಯ ಕಾರ್ಖಾನೆಗಳಿಗೆ ಇಂದು ವಾರದ ರಜೆ ಎಂದು ಹೇಳಬಲ್ಲವರಾಗಿದ್ದರು. ಕರೆಂಟು ಹೋದರೆ ಅವರಿಗೆ ಹಬ್ಬ. ಉಳಿದವರೆಲ್ಲ ಫ್ಯಾನು ನಿಂತಿತೆಂದು ಗೊಣಗುತ್ತ ಹೊರಗೆ ಹೋದರೆ, ಇವರು ಬ್ಯಾಟರಿಯ ರಿಸೀವರಿನ ಮುಂದೆ ಅವಸರವಾಗಿ ಕೂರುತ್ತಿದ್ದರು. ಸುತ್ತಲಿನ ಬಡಾವಣೆಗಳ ಟ್ಯೂಬ್‌ಲೈಟು, ಮೋಟಾರು, ಚಾರ್ಜರುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದಾಗ ಆ ಸುಯ್ಲು ತೆಳ್ಳಗಾಗುತ್ತ ಹೋಗುತ್ತಿತ್ತು. “ಊರು ಮೊದಲು ಹಿಂಗಿತ್ತು,” ಎನ್ನುತ್ತಿದ್ದರು. ಕರೆಂಟು ಬಂದೊಡನೆ ಎದ್ದುಬಿಡುತ್ತಿದ್ದರು.

ಅವರಲ್ಲಿ ದೋಷಗಳೂ ಇದ್ದವು. ತಮ್ಮ ಕಿವಿಯ ಬಗ್ಗೆ ಅವರಿಗೆ ಜಂಬವಿತ್ತು. ಕಿರಿಯ ಸಿಬ್ಬಂದಿ ತಡವರಿಸಿದರೆ ಕಲಿಸುವ ಬದಲು ಪಕ್ಕಕ್ಕೆ ಸರಿಸಿ ತಾವೇ ಮಾಡಿ ಮುಗಿಸುತ್ತಿದ್ದರು. ಹಾಗಾಗಿ ಆ ಕಚೇರಿಯಲ್ಲಿ ಅವರ ಕೆಲಸ ಬಲ್ಲ ಎರಡನೆಯವರು ತಯಾರಾಗಲೇ ಇಲ್ಲ. ವಿವರಣೆ ಕೇಳಿದರೆ ಸಿಡುಕು.

ನನ್ನೊಡನೆ ಸಿಡುಕು ಸ್ವಲ್ಪ ಕಡಿಮೆಯಾದದ್ದು, ‘ಮೇಡಂ’ ಹೋಗಿ ‘ನೋಡಮ್ಮಾ’ ಬಂದದ್ದು, ಜಕ್ಕೂರಿಗೆ ಹೋದ ದಿನ. ಕಚೇರಿಗೆ ಒಂದು ಹಳೆಯ ವ್ಯಾನಿತ್ತು. ಅದರ ನೆತ್ತಿಯ ಮೇಲೆ ತಿರುಗುವ ಆಂಟೆನಾ. ತೊಂದರೆ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಅದು ತೋರಿಸುತ್ತಿತ್ತು. ಜಕ್ಕೂರಿನ ಏರೋಡ್ರೋಮಿನಲ್ಲಿ ವಿಮಾನ ಹಾರಿಸಲು ಕಲಿಯುವವರು ಬಳಸುವ ತರಂಗಾಂತರದಲ್ಲಿ ಒಂದೆರಡು ದಿನದಿಂದ ಬೆಳಗಿನ ಹೊತ್ತು ಗರಗರ ಸದ್ದು ಇವರ ಕಿವಿಗೆ ಬಿದ್ದಿತ್ತು. ಅಲ್ಲಿಂದ ದೂರು ಬಂದಿರಲಿಲ್ಲ. ದೂರು ಯಾಕಿಲ್ಲ ಎಂದು ನಾನು ಕೇಳಿದೆ. ಕಲಿಯುವ ಮಕ್ಕಳಿಗೆ ಅದು ತಮ್ಮದೇ ತಪ್ಪು ಅನ್ನಿಸುತ್ತೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂತ ಬೈಸಿಕೊಂಡು ಸುಮ್ಮನಿರುತ್ತವೆ ಎಂದರು.

ವ್ಯಾನು ಹಳ್ಳಿಯ ಹಳೆಯ ಬೀದಿಗಳಲ್ಲಿ ಸುತ್ತಿ ಒಂದು ಕಲ್ಯಾಣ ಮಂಟಪದ ಮುಂದೆ ನಿಂತಿತು. ಒಳಗೆ ಮುಹೂರ್ತದ ಗಡಿಬಿಡಿ. ಹೊರಗೆ ಆಳೆತ್ತರದ ಹೊಸ ಎಲ್‌ಇಡಿ ಬೋರ್ಡು, ವಧೂವರರ ಹೆಸರು ಬಣ್ಣ ಬದಲಿಸುತ್ತ ಕುಣಿಯುತ್ತಿತ್ತು. ಮಾಲೀಕರು ಆ ಊರಿನ ಹಳೆಯ ರೈತ ಕುಟುಂಬದವರು. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲೇ ಮಂಟಪ ಕಟ್ಟಿದ್ದರು. ಸರ್ಕಾರಿ ವ್ಯಾನು ಕಂಡು ಮುಖ ಬಿಗಿದುಕೊಂಡು ಗೇಟಿಗೆ ಬಂದರು. ನಾನು ಫೈಲಿನಿಂದ ನಿಯಮದ ಪ್ರತಿಯನ್ನು ತೆಗೆಯುತ್ತಿದ್ದೆ. ಇವರು ನನ್ನ ಕೈಯನ್ನು ಮೆಲ್ಲನೆ ತಗ್ಗಿಸಿ, ಮಾಲೀಕರಿಗೆ ಕೈಮುಗಿದು, “ಯಜಮಾನ್ರೇ, ಕುಡಿಯೋಕೆ ಒಂದ್ ಲೋಟ ನೀರು ಸಿಗುತ್ತಾ?” ಎಂದರು.

ಇದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಯಾವ ಮನೆಗೆ ಹೋದರೂ ಮೊದಲ ಮಾತು ಅದೇ. ಮದುವೆಮನೆಯಾದ್ದರಿಂದ ನೀರಿನ ಹಿಂದೆ ಉಪ್ಪಿಟ್ಟು ಕೇಸರಿಬಾತೂ ಬಂದವು. ತಿಂದು ಕೈತೊಳೆದ ಮೇಲೆ ಬೋರ್ಡಿನ ಮಾತೆತ್ತಿದರು.

“ಲೈಟ್ ಆಕಿದ್ರೆ ಇಮಾನಕ್ಕೇನಾಯ್ತದೆ ಸಾಮಿ?” ಎಂದರು ಮಾಲೀಕರು. “ಅದು ಮ್ಯಾಗಿರ್ತದೆ, ನಮ್ದು ಕೆಳಗದೆ.”

ಇವರು ವಾದಿಸಲಿಲ್ಲ. ಅವರನ್ನು ವ್ಯಾನಿಗೆ ಕರೆದೊಯ್ದು ಕೂರಿಸಿ, ಹೆಡ್‌ಫೋನನ್ನು ರುಮಾಲಿನ ಮೇಲೆಯೇ ಹಾಕಿ, ಮಂಟಪದ ಎಲೆಕ್ಟ್ರಿಷಿಯನ್ನನಿಗೆ ಬೋರ್ಡನ್ನು ಒಮ್ಮೆ ಆರಿಸಿ ಒಮ್ಮೆ ಹಾಕುವಂತೆ ಹೇಳಿದರು. ಆರಿಸಿದಾಗ ಒಂದು ಹುಡುಗಿಯ ದನಿ ಸ್ಪಷ್ಟವಾಗಿ ಬಂತು. ಹಾಕಿದಾಗ ಗರಗರದಲ್ಲಿ ಮುಳುಗಿತು. ಹೊರಗೆ ಕೆರೆಯ ಮೇಲೆ ಪುಟ್ಟ ವಿಮಾನವೊಂದು ಸುತ್ತುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಮಾಲೀಕರು ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಮುಂದಕ್ಕೆ ಬಾಗಿದರು.

“ಎಣ್ಣುಡ್ಗಿ ಕಣ್ರೀ. ಏನೋ ಕೇಳ್ತಾನೇ ಅವ್ಳೆ, ಕೇಳ್ತಾನೇ ಅವ್ಳೆ. ಉತ್ರ ಯಾಕೆ ಬರ್ತಿಲ್ಲ?”

ಇವರು ಬೆರಳಿನಿಂದ ಬೋರ್ಡನ್ನು ತೋರಿಸಿದರು. ಮಾಲೀಕರು ಹೆಡ್‌ಫೋನನ್ನು ಕಿತ್ತಿಟ್ಟು, ಬೋರ್ಡು ಆರಿಸುವಂತೆ ಎಲೆಕ್ಟ್ರಿಷಿಯನ್ನನನ್ನು ತಾವೇ ಗದರಿದರು. ಬೋರ್ಡಿನೊಳಗಿನ ಅಗ್ಗದ ಪವರ್ ಸಪ್ಲೈ ಬದಲಿಸಿದರೆ ತೊಂದರೆ ಹೋಗುತ್ತದೆ, ಎಂಥದ್ದು ಹಾಕಬೇಕು ಎಂಬುದನ್ನು ಇವರು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮುಂದಿನ ವಾರ ವ್ಯಾನಿನಲ್ಲಿ ಇನ್ನೊಮ್ಮೆ ಆ ದಾರಿಯಲ್ಲಿ ಬಂದು ಕೇಳಿ ನೋಡಿದರು. ಅಂದು ಸಂಜೆ ಲಾಗ್ ಪುಸ್ತಕದ ಷರಾ ಕಾಲಮ್ಮಿನಲ್ಲಿ ಬರೆದದ್ದು ಶಾಂತ.

ನಿಯಮದ ಪ್ರಕಾರ ಅದು ಪ್ರಕರಣವಾಗಬೇಕಿತ್ತು. ನೋಟೀಸು, ಬೋರ್ಡಿನ ಜಪ್ತಿ, ದಂಡ. ಹೊರಗಿನವರ ಕಿವಿಗೆ ಹೆಡ್‌ಫೋನ್ ಹಾಕಿದ್ದೂ ತಪ್ಪೇ. ಮೊದಲ ದಿನ ಮಂಟಪದಿಂದ ಹಿಂತಿರುಗುವಾಗಲೇ ವ್ಯಾನಿನಲ್ಲಿ ನಾನು ಇದನ್ನೆಲ್ಲ ಎತ್ತಿದ್ದೆ.

“ನೋಡಮ್ಮಾ, ನೋಟೀಸ್ ತಗೊಂಡೋನು ಇನ್ನೊಂದ್ಸಲ ಬಾಗಿಲು ತೆಗೀತಾನಾ? ನನಗೆ ಬೇಕಾಗಿರೋದು ಬಾಗಿಲು.” ಹೆಬ್ಬಾಳದ ಕಡೆ ತಿರುಗುವಲ್ಲಿ ಒಂದು ಹೊಸ ಬಡಾವಣೆಯನ್ನು ತೋರಿಸಿ ಮುಂದುವರಿಸಿದರು. “ಸೈಟಿಗೆ ಯಜಮಾನ ಇರ್ತಾನೆ. ಪಕ್ಕದೋನು ಅರ್ಧ ಅಡಿ ಒಳಗೆ ಬಂದ್ರೂ ಕೋರ್ಟಿಗೆ ಹೋಗ್ತಾನೆ. ಅಲ್ಲಿ ನಿಮ್ಮ ಹರಾಜು ಸರಿ, ನನ್ನ ಕಾವಲು ಬೇಡ. ಮಳೆನೀರು ಹೋಗೋ ರಾಜಕಾಲುವೆಗೆ ಯಾರಿದಾರೆ? ಅದನ್ನ ಯಾರೂ ಕೊಂಡಿಲ್ಲ. ಎಲ್ಲರೂ ಚೂರು ಚೂರು ತಿಂತಾರೆ. ಮಳೆ ಬಂದಾಗ್ಲೇ ಗೊತ್ತಾಗೋದು. ನಾನು ಕೇಳ್ತಿರೋದು ರಾಜಕಾಲುವೆ ಕಣಮ್ಮಾ.”

ಹೋಲಿಕೆ ಚೆನ್ನಾಗಿದೆ ಎಂದು ಅನ್ನಿಸಿತು. ಆದರೆ ಚರ್ಚಾಸ್ಪರ್ಧೆಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಹೋಲಿಕೆ ವಾದವಲ್ಲ. ಎರಡನೆಯದು, ಒಂದು ಉದಾಹರಣೆ ಪುರಾವೆಯಲ್ಲ. ಜಕ್ಕೂರನ್ನು ನಾನು ಕಣ್ಣಾರೆ ಕಂಡ ಒಂದು ಉದಾಹರಣೆಯೆಂದು ಬದಿಗಿಟ್ಟೆ.

ವರದಿಗೆ ಪುರಾವೆ ಬೇಕಿತ್ತು. ಇವರದರಂಥ ಆಲಿಸುವ ನಿಲ್ದಾಣಗಳಲ್ಲಿ ಯಾವುದು ಎಷ್ಟು ಪ್ರಕರಣ ದಾಖಲಿಸಿದೆ ಎಂಬ ಕೋಷ್ಟಕ ತಯಾರಿಸಿದೆವು. ಎಲ್ಲರಿಗಿಂತ ಕಡಿಮೆ ಇವರದು. ಪುಸ್ತಕದ ನಂತರ ಪುಸ್ತಕ ಶಾಂತ, ಶಾಂತ, ಶಾಂತ. ಕರಡಿನಲ್ಲಿ ನಾನೇ ಬರೆದ ವಾಕ್ಯ ಇದು: ಈ ನಿಲ್ದಾಣದ ವ್ಯಾಪ್ತಿಯಲ್ಲಿ ತರಂಗಾಂತರದ ತೊಂದರೆಗಳು ನಗಣ್ಯವಾಗಿರುವುದರಿಂದ ಸಂಚಾರಿ ವ್ಯಾನನ್ನೂ ದೈನಂದಿನ ಆಲಿಸುವಿಕೆಯನ್ನೂ ನಿಲ್ಲಿಸಿ, ದೂರು ಆಧಾರಿತ ವ್ಯವಸ್ಥೆಗೆ ವರ್ಗಾಯಿಸಬಹುದು.

ಅಂತಿಮಗೊಳಿಸುವ ಮೊದಲು ಕರಡನ್ನು ಆಯಾ ನಿಲ್ದಾಣಕ್ಕೆ ಕಳಿಸಿ ಆಕ್ಷೇಪಣೆ ಕೇಳಬೇಕಿತ್ತು. ಕಳಿಸಿದ ಮೂರನೆಯ ದಿನ ಅವರ ಫೋನ್ ಬಂತು, ಕಚೇರಿ ಬೇಡ, ಹೊರಗೆ ಸಿಗೋಣ ಎಂದು. ಕೆಂಪಾಪುರದ ಒಂದು ದರ್ಶಿನಿಯಲ್ಲಿ, ನಿಂತು ತಿನ್ನುವ ಎತ್ತರದ ಮೇಜಿನ ಬಳಿ ಸಿಕ್ಕೆವು. ಬಟ್ಟೆಯ ಚೀಲದಿಂದ ಒಂದು ಹಳೆಯ ಡೈರಿ ತೆಗೆದು ಇಡ್ಲಿ ತಟ್ಟೆಯ ಪಕ್ಕದಲ್ಲಿಟ್ಟರು.

“ಓದಿ. ಬರ್ಕೋಬೇಡಿ.”

ಅದರಲ್ಲಿ ಹೆಸರುಗಳಿರಲಿಲ್ಲ. ಊರು, ವಸ್ತು, ಮಾಡಿದ್ದೇನು, ಮತ್ತೆ ಹೋಗಿ ನೋಡಿದ್ದು ಎಂದು ಇಷ್ಟೇ. ಕೆಂಪಾಪುರ, ಎರಡನೇ ಮಹಡಿ, ಮೊಬೈಲ್ ಸಿಗ್ನಲ್ಲಿಗೆಂದು ಬೂಸ್ಟರ್, ಗಂಡನಿಗೆ ಹೃದಯದ ಕಾಯಿಲೆ, ಡಾಕ್ಟರಿಗೆ ಫೋನ್ ಸಿಗಲೆಂದು ಹಾಕಿಸಿದ್ದು; ಕಿಟಕಿ ಬಳಿ ಫೋನ್ ಇಡುವ ಜಾಗ ಹುಡುಕಿ ಕೊಟ್ಟೆ, ತೆಗೆದರು. ಆರ್‌ಟಿ ನಗರ, ನರ್ಸಿಂಗ್ ಹೋಮ್, ಶಾಖ ಕೊಡುವ ಹಳೆಯ ಯಂತ್ರ, ಅರ್ತಿಂಗ್ ಸರಿಮಾಡಿಸಿದೆ. ಯಲಹಂಕ, ಕೇಬಲ್ ಟಿವಿ ವೈರು ಇಲಿ ಕಡಿದದ್ದು. ಪುಟದ ಮೇಲೆ ಪುಟ. ಪ್ರತಿಯೊಂದು ‘ಶಾಂತ’ದ ಹಿಂದೆಯೂ ಒಂದು ಮನೆ, ಒಂದು ಲೋಟ ನೀರು ಇತ್ತು.

ನಾನು ಓದಿ ಮುಗಿಸಿದೆ. ಇದನ್ನು ಅನುಬಂಧವಾಗಿ ಸೇರಿಸಿದರೆ ಕೋಷ್ಟಕವನ್ನು ಬದಲಿಸಬಹುದು ಎಂದೆ. ಸೇರಿಸಿದರೆ ಇಷ್ಟು ಮನೆಗೂ ನೋಟೀಸು ಹೋಗುತ್ತದೆ ಎಂದರು. ಹೆಸರಿಲ್ಲವಲ್ಲ ಎಂದೆ. ಊರು, ಮಹಡಿ ಇದೆಯಲ್ಲ, ಹುಡುಕೋದು ಎಷ್ಟು ಹೊತ್ತು ಎಂದರು. ಆಗ ನಾನು ಮೂರು ಅಂಶಗಳನ್ನು ಮಂಡಿಸಿದೆ. ದರ್ಶಿನಿಯ ಗದ್ದಲದಲ್ಲಿ, ದನಿ ಏರಿಸಿ. ಪಾರದರ್ಶಕತೆ. ಕಾನೂನಿನ ಮುಂದೆ ಸಮಾನತೆ. ಪೂರ್ವನಿದರ್ಶನದ ಅಪಾಯ. ಕೊನೆಗೆ, ಯಾರನ್ನು ಹಿಡಿಯಬೇಕು ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು ಎಂದು ಕೇಳಿದೆ. ಆ ಪ್ರಶ್ನೆ ಇಂದಿಗೂ ನ್ಯಾಯವಾದದ್ದೇ.

“ಯಾರೂ ಕೊಟ್ಟಿಲ್ಲ,” ಎಂದರು. “ಅದಕ್ಕೇ ಬರ್ದಿಲ್ಲ.”

ಡೈರಿಯನ್ನು ಚೀಲಕ್ಕೆ ಹಾಕಿಕೊಂಡರು. ವಾರದೊಳಗೆ ಅವರ ಕಚೇರಿಯಿಂದ ನಮೂನೆ ಬಂತು. ಆಕ್ಷೇಪಣೆ ಇಲ್ಲ ಎಂದು ಬರೆದು ರುಜು ಮಾಡಿದ್ದರು.

ಡೈರಿಯನ್ನು ಬಳಸದೆಯೂ ನಾನು ಒಂದು ವಾಕ್ಯ ಬರೆಯಬಹುದಿತ್ತು: ಪ್ರಕರಣಗಳು ಕಡಿಮೆ ಇವೆಯೆಂದ ಮಾತ್ರಕ್ಕೆ ಕೆಲಸ ನಡೆದಿಲ್ಲವೆಂದು ಅರ್ಥವಲ್ಲ. ಎದುರಾಳಿಯೊಬ್ಬ ಅಂಥ ಕೋಷ್ಟಕ ತಂದಿದ್ದರೆ ಇದೇ ಮಾತಿನಿಂದ ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ. ಬರೆಯಲಿಲ್ಲ. ಕೋಷ್ಟಕ ನನ್ನದಾಗಿತ್ತು, ಅದರ ಕಾಲಮ್ಮುಗಳು ಅಚ್ಚುಕಟ್ಟಾಗಿದ್ದವು, ಮತ್ತು ನಾನು ಗೆಲ್ಲುತ್ತಿದ್ದೆ. ಬೇರೆ ಕಾರಣ ಹುಡುಕಿ ದಣಿದಿದ್ದೇನೆ.

ಶಿಫಾರಸು ಜಾರಿಯಾಯಿತು. ಹರಾಜಿನಲ್ಲಿ ಹೋದ ತರಂಗಾಂತರಗಳ ಮಟ್ಟಿಗೆ ನಮ್ಮ ಲೆಕ್ಕಾಚಾರ ತಪ್ಪಲಿಲ್ಲ. ಕೊಂಡವರು ತಮ್ಮದನ್ನು ಶ್ರದ್ಧೆಯಿಂದ ಕಾದರು, ಅವರ ಎಂಜಿನಿಯರುಗಳು ಸ್ವಲ್ಪ ಸದ್ದಾದರೂ ದೂರು ಹಾಕಿದರು, ದೂರುಗಳು ಬಗೆಹರಿದವು. ದೂರಿನ ಆನ್‌ಲೈನ್ ನಮೂನೆಯಲ್ಲಿ ಪರವಾನಗಿ ಸಂಖ್ಯೆಯನ್ನು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಯಾರ ಪರವಾನಗಿಯೂ ಇಲ್ಲದ ತೆರಪುಗಳ ಬಗ್ಗೆ ದೂರು ಬರಲಿಲ್ಲ. ವ್ಯಾನನ್ನು ಬಳಕೆಗೆ ಬಾರದ ವಾಹನವೆಂದು ವಿಲೇವಾರಿ ಮಾಡಿದರು.

ನಿವೃತ್ತಿಗೆ ಮೊದಲು ಅವರನ್ನು ಒಮ್ಮೆ ಮಾತ್ರ ಕಚೇರಿಯಲ್ಲಿ ಕಂಡೆ. ಆಂಟೆನಾ ಕೋಣೆಯಿಂದ ಮುಂದಿನ ಹಾಲಿಗೆ, ಒಂದು ಕಂಪ್ಯೂಟರಿನ ಮುಂದೆ ಬಂದಿದ್ದರು. ದೂರುಗಳಿಗೆ ಕ್ರಮಸಂಖ್ಯೆ ಕೊಡುವ ಕೆಲಸ. “ಬನ್ನಿ ಮೇಡಂ, ಕೂತ್ಕೊಳ್ಳಿ,” ಎಂದರು. ಕಾಫಿ ತರಿಸಿದರು. ‘ನೋಡಮ್ಮಾ’ ಮತ್ತೆ ಬರಲಿಲ್ಲ. ನಾವು ಕೂತಿದ್ದಾಗಲೇ ಕರೆಂಟು ಹೋಯಿತು. ನಾನು ಅಭ್ಯಾಸಬಲದಿಂದ ಅವರ ಮುಖ ನೋಡಿದೆ. ಅವರು ಏಳಲಿಲ್ಲ. ಕಿಟಕಿಯಾಚೆಯ ನೀಲಗಿರಿಗಳನ್ನು ನೋಡುತ್ತ, ಲೋಟದಲ್ಲಿ ಉಳಿದಿದ್ದನ್ನು ನಿಧಾನವಾಗಿ ಕುಡಿದು ಮುಗಿಸಿದರು. ನಾನು ಹೋಗಿದ್ದು ಬೇರೊಂದು ಫೈಲಿಗಾಗಿ, ಅದನ್ನು ತೆಗೆದುಕೊಂಡು ಬಂದೆ.

ಆಮೇಲೆ ಕೆಲವು ವರ್ಷ ಸುದ್ದಿಯಿಲ್ಲ. ಈ ಬೇಸಿಗೆಯಲ್ಲಿ, ಆ ಕಚೇರಿಯ ಹಳಬರೊಬ್ಬರು ಮೊಬೈಲಿಗೆ ಸಂದೇಶ ಕಳಿಸಿದರು. ತೀರಿಕೊಂಡು ಆಗಲೇ ಹತ್ತು ದಿನವಾಗಿತ್ತು. ಶೆಟ್ಟಿಹಳ್ಳಿಯ ಅವರ ಮನೆಗೆ ನಾನು ಹೋದದ್ದು ಹದಿಮೂರನೆಯ ದಿನದ ಊಟಕ್ಕೆ. ಕಚೇರಿಯವರು ಮೂರೋ ನಾಲ್ಕೋ ಜನ ಇರುತ್ತಾರೆ, ಕೈಮುಗಿದು ಬಂದುಬಿಡೋಣ ಎಂದುಕೊಂಡಿದ್ದೆ. ಬೀದಿಗೆ ಶಾಮಿಯಾನ ಹಾಕಿ ಮೇಜು ಸಾಲಿಟ್ಟಿದ್ದರು. ಎರಡನೆಯ ಪಂಕ್ತಿಗೆ ಕಾಯುತ್ತಿದ್ದ ಜನರನ್ನು ನೋಡಿ, ಇಷ್ಟು ಮಂದಿ ನೆಂಟರಿದ್ದರೇ ಎಂದು ಅವರ ಹೆಂಡತಿಯನ್ನು ಕೇಳಿದೆ.

“ನೆಂಟರಲ್ಲಮ್ಮ. ಯಾರ್ಯಾರೋ ಬಂದಿದಾರೆ, ನನಗೂ ಗೊತ್ತಿಲ್ಲ. ನಮ್ಮನೆಗೆ ಬಂದಿದ್ರು ಅಂತಾರೆ ಎಲ್ರೂ.”

ನನ್ನ ಪಕ್ಕದಲ್ಲಿ ಕೂತ ಹಿರಿಯ ಮಹಿಳೆ ಕೆಂಪಾಪುರದವರು. ಎರಡನೇ ಮಹಡಿಯೇ ಎಂದು ನಾನು ಕೇಳಲಿಲ್ಲ. ತಾವಾಗಿಯೇ, ಯಜಮಾನರಿಗೆ ಹುಷಾರಿಲ್ಲದಾಗ ಫೋನಿಡಲು ಕಿಟಕಿಯ ಬಳಿ ಜಾಗ ಹುಡುಕಿಕೊಟ್ಟವರು ಎಂದರು. ಎದುರಿನ ಸಾಲಿನಲ್ಲಿ ಆರ್‌ಟಿ ನಗರದ ಒಬ್ಬ ಡಾಕ್ಟರು. ಡೈರಿಯ ಪುಟಗಳು ಒಂದೊಂದಾಗಿ ಎದ್ದು ಬಂದು ಬಾಳೆಲೆಯ ಮುಂದೆ ಕೂತಿದ್ದವು. ಅನುಬಂಧಕ್ಕೆಂದು ನಾನು ಕೇಳಿದ್ದ ಪುರಾವೆ ಇದೇ. ಇವರಲ್ಲಿ ಒಬ್ಬರಿಗೂ ನೋಟೀಸು ಹೋಗಿರಲಿಲ್ಲ.

ಕೈತೊಳೆಯುವಲ್ಲಿ ಜಕ್ಕೂರಿನ ಮಂಟಪದ ಮಾಲೀಕರು ನನ್ನ ಗುರುತು ಹಿಡಿದರು. ವಯಸ್ಸಾಗಿತ್ತು, ರುಮಾಲು ಮಾತ್ರ ಅದೇ. ವ್ಯಾನು ನಿಂತುಹೋದ ಮೇಲೆ ಏನಾಯಿತೆಂದು ಅವರೇ ಹೇಳಿದರು. ನಿವೃತ್ತಿಯಾಗುವ ತಿಂಗಳು ಇವರು ತಮ್ಮ ಸ್ಕೂಟರಿನಲ್ಲಿ ಮನೆಮನೆಗೂ ಹೋಗಿದ್ದರಂತೆ. ಕೈಯಲ್ಲಿ ಒಂದು ಪುಟ್ಟ ರೇಡಿಯೋ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ನಿಮ್ಮ ಲೈಟೋ ಯಂತ್ರವೋ ಹಾಕಿ, ಗರಗರ ಎಂದರೆ ತಪ್ಪು ನಿಮ್ಮದು, ಸರಿಮಾಡಿಸಿಕೊಳ್ಳಿ ಎಂದು ಕಲಿಸಿದ್ದರಂತೆ. ಕಚೇರಿಯಲ್ಲಿ ಒಬ್ಬರಿಗೂ ಕಲಿಸದವರು ಬೀದಿ ಬೀದಿ ತಿರುಗಿ ಕಲಿಸಿದ್ದರು.

“ಇವತ್ಗೂ ಬೋರ್ಡ್ ಆಕೋಕ್ ಮುಂಚೆ ಕೇಳ್ತೀನಿ,” ಎಂದರು ಮಾಲೀಕರು. “ನೀವೇ ಯೋಳಿದ್ರಂತಲ್ಲ ಮೇಡಮ್ಮೋರೇ.”

“ನಾನಾ? ಏನಂತ?”

“ಮೇಡಮ್ಮೋರು ದೊಡ್ಡ ರಿಪೋಲ್ಟು ಬರ್ದವ್ರೆ, ಇನ್ಮ್ಯಾಕೆ ಸರ್ಕಾರ ಬರಾಕಿಲ್ಲ, ಅವ್ರವ್ರ ಜಾಗ ಅವ್ರವ್ರೇ ಕಾಯ್ಕೋಬೇಕು ಅಂದವ್ರೆ ಅಂತ. ಒಳ್ಳೇ ಮಾತು ಯೋಳವ್ರೆ, ಇಂಗೆ ಮಾಡ್ಕೊಂಡು ಓಗಿ ಅಂದ್ರು.”

ನಾನು ಬರೆದದ್ದು ಕೊಂಡವರ ಬಗ್ಗೆ. ಈ ಮಾಲೀಕರು ಆಕಾಶದಲ್ಲಿ ಅಂಗೈಯಗಲ ಜಾಗವನ್ನೂ ಕೊಂಡವರಲ್ಲ. ನನ್ನ ವಾದವನ್ನು ತೀರಿಕೊಂಡ ಅವರು ಕೊನೆಗೂ ಒಪ್ಪಿಕೊಂಡಿದ್ದರೋ, ಅಥವಾ ನನಗೆ ಕೊಡಬಹುದಾದ ಉತ್ತರ ಅದೊಂದೇ ಎಂದು ಹಾಗೆ ಮಾಡಿದರೋ, ಕೇಳಲು ಇನ್ನು ಅವರಿಲ್ಲ.

ಮಾಲೀಕರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. ತಮ್ಮ ಪಕ್ಕದಲ್ಲೇ ಹೊಸದೊಂದು ಮಂಟಪ ಎದ್ದಿದೆ, ಹೊರಗಿನವರು, ಮುಂಭಾಗ ಪೂರ್ತಿ ಬೋರ್ಡು. ತಮ್ಮ ರೇಡಿಯೋದಲ್ಲಿ ಈಗ ಬೆಳಿಗ್ಗೆ ಬರೀ ಗರಗರವೇ. ತಾವು ಹೋಗಿ ಹೇಳಿದರೆ, ಪೈಪೋಟಿಗೆ ಹೇಳುತ್ತಿದ್ದೀರಿ ಎನ್ನುತ್ತಾರೆ. “ಯಾರೋ ಒಬ್ರು ಯೋಳ್ಬೇಕಲ್ಲ,” ಎಂದು ನನ್ನನ್ನೇ ನೋಡಿದರು.

ನಾನು ದೂರಿನ ನಮೂನೆಯನ್ನು ನೆನೆಸಿಕೊಂಡೆ. ಪರವಾನಗಿ ಸಂಖ್ಯೆ ಕೇಳುವ ಆ ಚೌಕ. ಬೆಳಿಗ್ಗೆ ಬರುತ್ತೇನೆ ಎಂದೆ.

ಮರುದಿನ ಮಾಲೀಕರ ರೇಡಿಯೋ ಹಿಡಿದು ಅವರ ಕಾಂಪೌಂಡಿನಿಂದ ಪಕ್ಕದ ಗೇಟಿನವರೆಗೆ ನಡೆದೆ. ಹೆಜ್ಜೆ ಹೆಜ್ಜೆಗೂ ಸದ್ದು ದಪ್ಪವಾಗುತ್ತಿತ್ತು. ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕೆರೆಯ ಕಡೆ ಒಂದು ಪುಟ್ಟ ವಿಮಾನ ಸುತ್ತುತ್ತಿತ್ತು, ಅದರಲ್ಲಿ ಯಾರಿದ್ದರೋ. ಗೇಟಿನ ಸರಳುಗಳ ಆಚೆ ಮ್ಯಾನೇಜರು ಬಂದು ನಿಂತ. ನನ್ನ ಕೈಯ ರೇಡಿಯೋ ನೋಡಿ, ಹೆಗಲ ಮೇಲಿನ ಫೈಲುಚೀಲ ನೋಡಿ, ಗೇಟು ತೆಗೆಯದೆಯೇ ಕೇಳಿದ.

“ಯಾರ್ ಬೇಕಾಗಿತ್ತು? ಏನ್ ಸಮಾಚಾರ?”

ಚೀಲದಲ್ಲಿ ನಿಯಮದ ಪ್ರತಿಯಿತ್ತು. ರಾತ್ರಿ ಕೂತು ಜೋಡಿಸಿಕೊಂಡ ಮೂರು ಅಂಶಗಳೂ ಇದ್ದವು, ಮೊದಲನೆಯದು ನಾಲಿಗೆಯ ತುದಿಗೆ ಬಂದಿತ್ತು. ನಾನು ರೇಡಿಯೋ ಆರಿಸಿ ಕೈಮುಗಿದೆ.

“ಕುಡಿಯೋಕೆ ಒಂದ್ ಲೋಟ ನೀರು ಸಿಗುತ್ತಾ?”